ಹೊಸ ಪಾಲಿಕೆ ಜೋಡಿಸುವ ಕೈಪಿಡಿ: ವಿಮಾನಪುರದ ಬಳಕೆದಾರರಿಗಾಗಿ

ಪೆಟ್ಟಿಗೆ ಬಿಚ್ಚುವ ಮೊದಲು ಓದಿಕೊಳ್ಳಿ. ಯಂತ್ರ ಹೊಸದು, ಬಿಡಿಭಾಗಗಳೆಲ್ಲ ಹಳೆಯವು. ಗಾಬರಿ ಬೇಡ.

ಮೊದಲು ನಾಮಫಲಕ ಹೊಡೆಯಿರಿ. ಇಲ್ಲಿನ ಕಾರ್ಖಾನೆಯಲ್ಲಿ ವಿಮಾನ ಕಟ್ಟುವವರು ಹೆಸರು ಬರೆಯುವುದು ಕೊನೆಗೆ. ಸರ್ಕಾರ ಕಟ್ಟುವವರು ಅಲ್ಲಿಂದಲೇ ಶುರು. 1949ರಲ್ಲಿ ಬೆಂಗಳೂರಿನ ಪೇಟೆಯನ್ನೂ ದಂಡನ್ನೂ ಕೂಡಿಸಿ ಕಾರ್ಪೊರೇಷನ್ ಅಂದರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ‘ಬೃಹತ್’ ಅಂದರು. 2025ರ ಸೆಪ್ಟೆಂಬರ್ 2ರಂದು ಅದನ್ನೇ ಐದು ಹೋಳು ಮಾಡಿದರು. ವಿಮಾನಪುರ ಪೂರ್ವದ ಹೋಳಿಗೆ ಬಿತ್ತು. ಐದಕ್ಕೂ ಸೇರಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೆಂಬ ಒಂದೇ ಮುಚ್ಚಳ. ಅದರ ಹಿಡಿ ಮುಖ್ಯಮಂತ್ರಿಗಳ ಕೈಯಲ್ಲಿ.

ಆಮೇಲೆ ವಾರ್ಡು ಕತ್ತರಿಸಿ. 198 ಇದ್ದದ್ದು 2022ರಲ್ಲಿ 243 ಆಯಿತು, ಮರುವರ್ಷ 225, ಐದು ಪಾಲಿಕೆಯಾದ ಮೇಲೆ 369. ದರ್ಜಿ ಅಳತೆ ತೆಗೆಯುತ್ತಲೇ ಇದ್ದಾನೆ, ಗಿರಾಕಿ ಬನಿಯನ್ನಿನಲ್ಲಿ ನಿಂತೇ ಇದ್ದಾನೆ. ಎಚ್ಚರಿಕೆ: ಮೀಸಲಾತಿ ಪಟ್ಟಿ ಹೊರಬಿಟ್ಟ ದಿನ ಹೈಕೋರ್ಟಿನ ದಾರಿಗೆ ಅಡ್ಡ ನಿಲ್ಲಬೇಡಿ.

ಮತದಾರ ಎಂಬ ಸಣ್ಣ ಭಾಗ ಪೆಟ್ಟಿಗೆಯ ತಳದಲ್ಲಿರುತ್ತದೆ, ಹುಡುಕಿ. ಇದನ್ನು ತಡವಾಗಿ ಜೋಡಿಸುವುದು ನಮ್ಮ ಹಳೇ ಅಭ್ಯಾಸ. 1881ರಲ್ಲಿ ದಿವಾನ್ ರಂಗಾಚಾರ್ಲು ಕರೆದ ಪ್ರಜಾಪ್ರತಿನಿಧಿ ಸಭೆಗೆ 144 ಜನ ದಸರೆಗೆ ಮೈಸೂರಿಗೆ ಹೋಗಿ, ಕಷ್ಟ ಹೇಳಿಕೊಂಡು ಬಂದರು. ಚುನಾವಣೆ ಬಂದದ್ದು 1891ಕ್ಕೆ. ನೇಪಾಳ ಉಲ್ಟಾ ಹೊರಟಿತು. 2008ರಲ್ಲಿ ಮೊದಲು ಮತ ಹಾಕಿಸಿ 601 ಜನರ ಸಂವಿಧಾನ ಸಭೆ ಕೂರಿಸಿತು. ನಾಲ್ಕು ವರ್ಷ ಕೂತರೂ ಸಂವಿಧಾನ ಆಗಲಿಲ್ಲ. ಇನ್ನೊಂದು ಸಭೆ ಆರಿಸಿ 2015ರಲ್ಲಿ ಮುಗಿಸಿದರು. ತಡವೇ ಆಯಿತು, ನಿಜ. ಆದರೆ ಬೈಯೋಕೆ ತಾವೇ ಆರಿಸಿದ ಜನ ಇದ್ದರಲ್ಲ! ನಮ್ಮ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಐದು ಪಾಲಿಕೆಗಳು ಹುಟ್ಟಿದಾಗ ತೊಟ್ಟಿಲು ತೂಗಲು ಸಿಕ್ಕವರು ಅಧಿಕಾರಿಗಳೇ.

ಹ್ಯಾಂಗರಿನಲ್ಲಿ ಒಂದು ಸ್ಪ್ಯಾನರು ಲೆಕ್ಕಕ್ಕೆ ಸಿಗದಿದ್ದರೆ ವಿಮಾನ ಮೇಲೇಳುವುದಿಲ್ಲ. ಈ ಯಂತ್ರಕ್ಕೆ ಆ ನಿಯಮವಿಲ್ಲ. ಬಿಡಿಭಾಗ ಉಳಿದರೂ ಚಾಲೂ ಮಾಡಬಹುದು, ತೆರಿಗೆ ರಸೀದಿ ಸರಾಗವಾಗಿ ಹೊರಬರುತ್ತದೆ.

ದೋಷ ಕಂಡರೆ: ಬೀದಿದೀಪ ಹೋಗಿದೆ ಎಂದುಕೊಳ್ಳಿ. ಹಿಂದೆ ಬೆಳಗ್ಗೆ ಏಳಕ್ಕೆ ಕಾರ್ಪೊರೇಟರ ಗೇಟಿನ ಹತ್ತಿರ ನಿಂತರೆ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ‘ಆಯ್ತು ಅಣ್ಣ, ಹೇಳ್ತೀನಿ’ ಅನ್ನುತ್ತಿದ್ದರು. ದೀಪ ಬರುವುದು ಬಿಡುವುದು ಆಮೇಲಿನ ಮಾತು. ಈಗ ದೂರಿಗೆ ಮೊಬೈಲಿನಲ್ಲಿ ನಂಬರು ಬರುತ್ತದೆ, ಬರೆದಿಟ್ಟುಕೊಳ್ಳಿ. ಗೇಟು ಹಾಗೇ ಇದೆ. ಬೋರ್ಡಿನಲ್ಲಿ ಹೆಸರಿನ ಕೆಳಗೆ ‘ಮಾಜಿ’ ಅಂತ ಸೇರಿಸಿದ್ದಾರೆ, ಅದರ ಬಣ್ಣವೂ ಈಗ ಮಾಸಿದೆ.