ಕೊಟೇಶನ್ ಕಾಕಾ

ನಾಲತವಾಡದ ಬಸ್‌ಸ್ಟ್ಯಾಂಡಿನಲ್ಲಿ ಮುಂಜಾನೆ ಮುದ್ದೇಬಿಹಾಳದ ಬಸ್ಸಿಗೆ ನಿಂತವರ ಪೈಕಿ ಯಾರದಾದರೂ ಅಂಗಿಯ ಕಿಸೆ ಬಾವು ಬಂದಂತೆ ಉಬ್ಬಿದ್ದರೆ, ಅವರೇ ನಮ್ಮ ಓಣಿಯ ಕಾಕಾ. ಕಿಸೆಯಲ್ಲಿರುವುದು ಐದು ಮೀಟರಿನ ಟೇಪು. ಕಂಕುಳಲ್ಲಿನ ಪ್ಲಾಸ್ಟಿಕ್ ಚೀಲದ ತುಂಬ ಕೊಟೇಶನ್ನುಗಳು. ಅಪ್ಪ ಅವ್ವ ಇಟ್ಟ ಹೆಸರು ರೇಶನ್ ಕಾರ್ಡಿನಲ್ಲಷ್ಟೇ ಉಳಿದಿದೆ. ಊರಿಗೆಲ್ಲ ಅವರು ಕೊಟೇಶನ್ ಕಾಕಾ.

ಮೇಷ್ಟ್ರಾಗಿ ರಿಟೈರಾದ ಮೇಲೆ ಕೆಲವರು ಭಜನೆಗೆ ಕೂಡುತ್ತಾರೆ, ಕೆಲವರು ಬಡ್ಡಿಗೆ ಕೊಡುತ್ತಾರೆ. ಕಾಕಾ ರೇಟು ಕೇಳುತ್ತಾರೆ. ಕೊಂಡುಬಿಟ್ಟರೆ ಕೇಳುವ ಸುಖ ಮುಗಿಯಿತಲ್ಲ ಎಂಬುದು ಅವರ ಸಂಕಟ ಅಂತ ನನಗೆ ಅನುಮಾನ.

ಈ ಸಲದ ಪ್ರಕರಣ ಎರಡು ಬೇಸಿಗೆಯದು. ಪುಣೆಯಲ್ಲಿರುವ ಮಗ ಹೊಸ ಕಾರು ಕೊಂಡು ಹಳೆಯದನ್ನು ಅಪ್ಪನ ಬಾಗಿಲಿಗೆ ತಂದು ನಿಲ್ಲಿಸಿ ಹೋದ. ಮನೆ ಪಡುವಣ ಮುಖದ್ದು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮೂರಕ್ಕೆ ಆ ಕಾರಿನ ಸ್ಟೇರಿಂಗು ಮುಟ್ಟಿದರೆ ಹಂಚು ಮುಟ್ಟಿದಂತೆ. ನೆರಳು ಬೇಕೇ ಬೇಕು. ಕಾಕು ಹೇಳಿದ್ದು ಒಂದೇ ಮಾತು: “ನಾಕ ಬಿದರ ನೆಟ್ಟು ಹಂದರ ಹಾಕಸ್ರಿ, ಮ್ಯಾಲ ಹಸರ ನೆಟ್ ಎಳೀರಿ.” ಕಾಕಾ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರಿಗೆ ಕಂಬ ಇಲ್ಲದ ಶೆಡ್ಡು ಬೇಕು. ಗೋಡೆಯಿಂದಲೇ ಚಾಚಿಕೊಂಡು, ಗಾಳಿಯಲ್ಲಿ ನಿಂತಿರಬೇಕು.

ಕಂಬದ ಮೇಲೆ ಯಾಕಿಷ್ಟು ಸಿಟ್ಟು ಎಂದು ಕೇಳಿದೆ. ಕಾಕಾ ಬೆರಳು ಮಡಚುತ್ತ ಹೋದರು. “ಕಂಬ ನೆಟ್ರ ಗಟಾರದಾಗ ನಡಬೇಕು, ಪಟ್ಟಣ ಪಂಚಾಯತಿಯವ್ರು ಕೇಳತಾರ. ತೊಗರಿ ಕಟಗಿ ಹೇರಿದ ಟ್ರ್ಯಾಕ್ಟರ್ ತಿರುಗೂದಿಲ್ಲ. ಎಮ್ಮಿ ಬಂದು ಮೈ ತಿಕ್ಕತಾವ. ನಾಯಿದಂತೂ ಹೇಳೂದ ಬ್ಯಾಡ. ಮತ್ತ ಇಲೆಕ್ಷನ್ ಬಂತಂದ್ರ, ತಮ್ಮಾ, ಒಂದ ಕಂಬಕ್ಕ ಮೂರ ಪಾರ್ಟಿ ಬ್ಯಾನರ್!” ಬಾಗಿಲಿಗೆ ಎದುರಾಗಿ ಕಂಬ ಬಂದರೆ ವಾಸ್ತು ಕೆಡುತ್ತದೆ ಎಂಬುದು ಕಿರುಬೆರಳಿಗೆ. ನಿಜ ಹೇಳಬೇಕೆಂದರೆ ಇವುಗಳಲ್ಲಿ ಒಂದನ್ನೂ ಅಲ್ಲಗಳೆಯುವ ಧೈರ್ಯ ನನಗಾಗಲಿಲ್ಲ.

ಹುಡುಕಾಟ ಶುರುವಾಯಿತು. ತಾಳಿಕೋಟಿ, ಹುನಗುಂದ, ಇಳಕಲ್ಲ, ಬಾಗಲಕೋಟಿ. ಎಲ್ಲ ಕಡೆ ಚಹಾ. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವವರಂತೆ ಕಾಕಾ ಪಾಲಿಕಾರ್ಬೊನೇಟ್ ಶೀಟಿನ ಅಂಚು ಹಿಡಿದು ಒಳಗಿನ ಸಂದಿ ಎಣಿಸುತ್ತಿದ್ದರು. ಹೀಗೆ ತಿರುಗಿ ಅವರು ಗಳಿಸಿದ ಜ್ಞಾನ ಸಣ್ಣದಲ್ಲ. ತಗಡು ಸೋವಿ, ಆದರೆ ಕಾಯುತ್ತದೆ, ಮಳೆ ಬಂದರೆ ಮನೆಯವರ ಮಾತು ಮನೆಯವರಿಗೆ ಕೇಳದು. ಟೊಳ್ಳು ಶೀಟು ಹಗುರ, ಬಿಸಿಲೂ ತಡೆಯುತ್ತದೆ. ಅಂಚಿಗೆ ಟೇಪು ಬಡಿಯದಿದ್ದರೆ ಮಾತ್ರ ಒಳಗೆ ಧೂಳು, ಇರುವೆ ಸೇರಿ ಸಂಸಾರ ಹೂಡುತ್ತವೆ. ಬಿಸಿಲು ತಡೆಯುವ ಲೇಪ ಇರುವ ಮಗ್ಗಲನ್ನು ಮೇಲೆ ಮಾಡಬೇಕು. ಅವಸರದ ಹುಡುಗರು ಬೋರಲು ಕೂಡಿಸಿದರೆ ಶೀಟು ಬೇಗ ಕಾಮಾಲೆ ಬಂದಂತೆ ಹಳದಿಯಾಗುತ್ತದೆ. ಇದೆಲ್ಲ ತಿಳಿದ ಕಾಕಾ ಕಡೆಗೆ ಕೇಳುವ ಪ್ರಶ್ನೆ ಎಲ್ಲ ಅಂಗಡಿಯಲ್ಲೂ ಒಂದೇ: “ಬಿಲ್ ಬ್ಯಾಡಂದ್ರ ಎಷ್ಟ ಬೀಳತೈತಿ?”

ಇಲ್ಲೇ ಕೃಷ್ಣೆಯ ದಂಡೆಯ ರಕ್ಕಸಗಿ-ತಂಗಡಗಿ ಕಾಳಗ 1565ರ ಜನವರಿಯಲ್ಲಿ ಒಂದೇ ದಿನಕ್ಕೆ ಇತ್ಯರ್ಥವಾಯಿತೆಂದು ಇದೇ ಕಾಕಾ ನಮಗೆ ಶಾಲೆಯಲ್ಲಿ ಕಲಿಸಿದ್ದರು. ಅವರ ಶೆಡ್ಡು ಎರಡನೇ ಬೇಸಿಗೆಗೂ ಇತ್ಯರ್ಥವಾಗಲಿಲ್ಲ. ನಡುವೆ ವಿಜಯಪುರಕ್ಕೆ ಹೋಗಿ ಮೆಹತರ್ ಮಹಲಿನ ಕಲ್ಲಿನ ಕೆತ್ತನೆಯ ಆಸರೆಗಳ ಫೋಟೊ ತೆಗೆದುಕೊಂಡು ಬಂದರು. ಛಜ್ಜಾದ ಕೆಳಗೆ ಇಂಥದೇ ಡಿಸೈನು ಆ್ಯಂಗಲ್‌ನಲ್ಲಿ ಆಗುತ್ತದೆಯೋ ಎಂದು ವಿಚಾರಿಸಿದ್ದಕ್ಕೆ ಒಂದು ಅಂಗಡಿಯವನು ಎರಡನೇ ಚಹಾ ತರಿಸಲಿಲ್ಲ.

ಕಡೆಗೆ ಊರಿನ ವೆಲ್ಡಿಂಗ್ ಹುಡುಗನೇ ಮನೆಗೆ ಬಂದ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಚಾಚು ಎಂದು ಕಾಕಾ ಅಳತೆ ಒಪ್ಪಿಸಿದರು. ಹುಡುಗ ಶೀಟಿನ ಸುದ್ದಿಯನ್ನೇ ಎತ್ತದೆ ಗೋಡೆಯ ಕಡೆ ನೋಡುತ್ತ ನಿಂತ.

“ಕಾಕಾ, ನೀರಿನ ಕೊಡ ನಡಕ್ಕ ಇಟ್ಟಕೊಂಡ್ರ ಹೆಣ್ಣಮಕ್ಕಳು ಊರ ಹೊರಗಿಂದ ತರತಾರ. ಅದನ್ನ ಕೈ ಚಾಚಿ ಹಿಡಕೊಂಡ ನಿಲ್ಲ್ರಿ ನೋಡೂಣು. ನಾಕ ಅಡಿ ಇದ್ದದ್ದನ್ನ ಎಂಟ ಅಡಿ ಮಾಡಿದ್ರ ಗ್ವಾಡಿ ಮ್ಯಾಲಿನ ಜಗ್ಗು ಎರಡ ಪಟ್ಟ ಅಲ್ಲ, ನಾಕ ಪಟ್ಟ ಆಗತೈತಿ. ಮತ್ತ ಆಷಾಢದ ಗಾಳಿ ಕೆಳಗಿಂದ ಎತ್ತತೈತಿ. ಮ್ಯಾಲ ಮಂಗ್ಯಾ ಜಿಗೀತಾವ.”

ಕಾಕಾ ಇಂಥ ಗಳಿಗೆಗೆಂದೇ ಒಂದು ಅಸ್ತ್ರ ಇಟ್ಟುಕೊಂಡಿದ್ದರು. “ಗೋಳಗುಮ್ಮಟ ನೋಡೀಯಿಲ್ಲೋ? 1656ರಾಗ ಮುಗದದ್ದು. ಸಿಮೆಂಟಿಲ್ಲ, ವೆಲ್ಡಿಂಗಿಲ್ಲ. 44 ಮೀಟರ್ ಗುಮ್ಮಟ, ಒಳಗ ಒಂದ ಕಂಬ ತೋರಿಸು!”

“ಅದರ ಗ್ವಾಡಿ ಹತ್ತ ಫೂಟ ದಪ್ಪ ಐತ್ರಿ.”

“ನಮ್ಮದೇನ ಸಣ್ಣದು? ಎರಡ ಫೂಟ ಐತಿ. ನಮ್ಮ ಮುತ್ಯಾ ಕಟ್ಟಿಸಿದ್ದು.”

ಹುಡುಗ ಮಾತು ಬೆಳೆಸಲಿಲ್ಲ. ಡ್ರಿಲ್ ಹಚ್ಚಿದ. ಮೊದಲು ಸುಣ್ಣ ಉದುರಿತು, ಆಮೇಲೆ ಕಲ್ಲಿನ ಸಂದಿಯಿಂದ ಸಣ್ಣಗೆ ಮಣ್ಣು ಸುರಿಯತೊಡಗಿತು. ಸುರಿಯುತ್ತಲೇ ಇತ್ತು. ಎರಡು ಮಗ್ಗಲು ಕಲ್ಲು, ನಡುವೆ ಹೊಟ್ಟೆ ತುಂಬ ಮಣ್ಣು. ಹಳೆಯ ಮಾಳಿಗೆ ಮನೆಗಳೆಲ್ಲ ಹಾಗೇ. ಮೇಲಿನ ಭಾರ ನೂರು ವರ್ಷ ಹೊರುತ್ತವೆ, ಎದೆಗೆ ಬೋಲ್ಟು ಹೊಡೆದು ಜಗ್ಗಿದರೆ ಬೋಲ್ಟಿನ ಜೊತೆಗೆ ತಾವೂ ಬರುತ್ತವೆ. ಆ್ಯಂಕರ್ ಬೋಲ್ಟಿಗೆ ಕಾಂಕ್ರೀಟು ಬೇಕು, ಬೀಮಿದ್ದರೆ ಇನ್ನೂ ಚಲೋ. ಇಷ್ಟು ಅಂಗಡಿಗಳಲ್ಲಿ ಎಲ್ಲರೂ ಶೀಟಿನ ಬಣ್ಣ ಕೇಳಿದ್ದರು. ಮನೆಯ ಗೋಡೆ ಯಾವುದರದು ಎಂದು ಯಾರೂ ಕೇಳಿರಲಿಲ್ಲ, ಕಾಕಾ ಹೇಳಿರಲಿಲ್ಲ.

“ಎರಡ ಪೈಪ್ ಕಂಬ ಕೊಡ್ರಿ, ಸಂಜೀತನಕ ಮುಗಿಸಿಕೊಡ್ತೀನಿ,” ಎಂದ ಹುಡುಗ.

ಕಾಕು ಒಳಗಿನಿಂದ ಕಸಬರಿಗೆ ತಂದು, ಒಂದು ಮಾತೂ ಆಡದೆ ಮಣ್ಣು ಗುಡಿಸಿದರು.

ಕಾಕಾ ಬಹಳ ಹೊತ್ತು ಆ ತೂತನ್ನು ನೋಡಿದರು. ನಿಧಾನಕ್ಕೆ ಟೇಪು ಹೊರಗೆ ಬಂತು. ಗೋಡೆಯ ಉದ್ದ ಹಿಡಿದರು, ಎತ್ತರ ಹಿಡಿದರು. “ತಮ್ಮಾ, ಈ ಗ್ವಾಡಿ ಕೆಡವಿ ಬೀಮ್ ಹಾಕಿ ಹೊಸಾದು ಕಟ್ಟಾಕ ಏನ ರೇಟ ನಡದೈತಿ ಈಗ?”

ಕಾರಿನ ಮೇಲೆ ಸದ್ಯ ಕಾಕು ಹೊದಿಸಿದ ಹಳೆಯ ಕೌದಿ ಇದೆ. ಕಾಕಾ ಇಟ್ಟಂಗಿ ರೇಟು ಕೇಳಲು ಹುನಗುಂದಕ್ಕೆ ಹೋಗಿದ್ದಾರೆ.