ಹಿತ್ತಲಿನ ಶೆಡ್ಡೂ ಗವಾನ್ ಸಾಹೇಬರೂ

ಬೀದರಿನ ಹಳೇ ಊರಲ್ಲಿ ಹಿತ್ತಲಿಗೊಂದು ಪತ್ರಾಸ್ ಶೆಡ್ ಹಾಕುವ ಆಸೆ ಹುಟ್ಟಿದರೆ, ಮೊದಲು ಟೇಪು ಹಿಡಿದು ಮಹಮೂದ್ ಗವಾನನ ಮದರಸಾದಿಂದ ಅಳೆಯಬೇಕು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. 1472ರಲ್ಲಿ ಗವಾನ್ ಸಾಹೇಬರು ಯಾರ ಪರವಾನಗಿ ತಗೊಂಡಿದ್ದರೋ! ನಮ್ಮಲ್ಲಿ ಸುಲ್ತಾನರು ಕೈಬಿಚ್ಚಿ ಕಟ್ಟಿಸಿದ್ದಾರೆ. ಮದರಸಾದಿಂದ ಪಾರಾದರೆ ಕೋಟೆಯ ಮೀಟರಿಗೆ ಸಿಗುತ್ತೀರಿ.

"ನಾಕು ಆಡು ಕಟ್ಲಿಕ್ಕೆ ದಿಲ್ಲಿ ತನಕ ಕಾಗದ ಹೋಗ್ಬೇಕೇನೋ ತಮ್ಮಾ?" ಅಂದರು ನೆರೆಮನೆ ಕಾಕಾ.

"ಹೌದ್ರಿ ಕಾಕಾ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಅಲ್ಲೇ ಅದ. ಅದೂ ನೀವು ನಿಯಂತ್ರಿತದಾಗ ಇದ್ರ. ನಿಷೇಧಿತದಾಗ ಇದ್ರ ಇದ್ದದ್ದೇ ರಿಪೇರಿ ಮಾಡ್ಕೋಬೇಕು, ಹೊಸದು ಕಟ್ಟೂಹಂಗಿಲ್ಲ."

ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಲ್ಲಿ ಒಂದು ಮಜಾ ಇದೆ. ಚರಂಡಿ, ಸಾರ್ವಜನಿಕ ಶೌಚಾಲಯ, ಮೂತ್ರಾಲಯ ಕಟ್ಟಿದರೆ ಅದು ಕಾಯ್ದೆಯ ಲೆಕ್ಕದಲ್ಲಿ 'ನಿರ್ಮಾಣ'ವೇ ಅಲ್ಲ. ಕಾಕಾ ಕಿವಿ ನಿಮಿರಿತು. "ಹಂಗಾದ್ರ ಆಡಿನ ಸಾರ್ವಜನಿಕ ಶೌಚಾಲಯ ಅಂತ ಬರಸೂನು. ಮಲಗೋದೂ ಅಲ್ಲೇ ಮಲಗ್ತಾವ!"

ಅಲ್ಲಾದರೂ ಶೆಡ್ ಹಾಕಬಹುದೇನೋ ಅಂತ ಭಾಲ್ಕಿಯ ಅಳಿಯನಿಗೆ ಫೋನು ಹೋಯಿತು. ಅವನು ಪುರಸಭೆ, ಖಾತಾ, ನಕ್ಷೆ ಅಂತ ಶುರುಮಾಡಿದ್ದೇ ತಡ, ಕಾಕಾ ಕಟ್ ಮಾಡಿದರು. ಔರಾದ್ ಕಡೆಯ ಹಳ್ಳಿಯ ಬೀಗರದು ಬೇರೆಯೇ ವೈಭವ: ನರೇಗಾದಲ್ಲಿ ಕೊಟ್ಟಿಗೆ ಕಟ್ಟಲು ಸರ್ಕಾರವೇ ರೊಕ್ಕ ಕೊಟ್ಟಿತ್ತು.

"ಆಡು ಇಲ್ಲಿಗೇ ಕಳಸ್ರಿ ಬೀಗರೇ, ಜಾಗಾ ಭಾಳ ಅದ" ಅಂದರು ಅವರು. "ಮರಿ ಮಾತ್ರ ನಮ್ಮವು."