ತಿರುಗಿಸಿದರೆ ಮಾತಾಡುವ ಡಬ್ಬ

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮೊದಲ ದಿನ ಕರೆಂಟು ಹೋಗುತ್ತದೆ, ಎರಡನೆಯ ದಿನ ಮೊಬೈಲು, ಮೂರನೆಯ ದಿನ ನನ್ನ ತಾಳ್ಮೆ. ಅದಕ್ಕೇ ಈ ಸಲ ಕೈಯಲ್ಲಿ ತಿರುಗಿಸುವ ರೇಡಿಯೋ ತರಲು ಶಿರಸಿ ಪೇಟೆಗೆ ಹೋದೆ.

ಅಂಗಡಿಯವನು ತೋರಿಸಿದ್ದರಲ್ಲಿ ಟಾರ್ಚು, ಸೈರನ್ನು, ದಿಕ್ಸೂಚಿ ಎಲ್ಲ ಇದ್ದವು. ಸೋಲಾರ್ ಕೂಡ! ಬಿಸಿಲಿದ್ದರೆ ನಾನೇಕೆ ಬರುತ್ತಿದ್ದೆ ಮಾರಾಯ? "ಮೀಡಿಯಂ ವೇವ್ ಉಂಟಾ?" ಎಂದೆ. ತಲೆ ಕೆರೆದುಕೊಂಡ. ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬಂದರೆ ಮುಗಿಯಿತು. ಮೀಡಿಯಂ ವೇವ್ ನೆಲ ಹಿಡಿದು ದೂರ ಬರುತ್ತದೆ. ಧಾರವಾಡ ರೇಡಿಯೋ ಕೇಂದ್ರದ 765 ಕಿಲೋಹರ್ಟ್ಸ್ ಹಿಡಿಯದ್ದು ನಮಗೆ ಬರೀ ಡಬ್ಬ.

1990ರ ದಶಕದಲ್ಲಿ ಇಂಗ್ಲೆಂಡಿನ ಟ್ರೆವರ್ ಬೇಲಿಸ್ ಆಫ್ರಿಕಾದ ಹಳ್ಳಿಗಳಿಗೆಂದು ಇಂಥ ರೇಡಿಯೋ ಮಾಡಿದಾಗ ಗಡಿಯಾರದಂತೆ ಸ್ಪ್ರಿಂಗಿಗೆ ಕೀ ಕೊಡಬೇಕಿತ್ತು. ಈಗಿನವು ಒಳಗಿನ ಬ್ಯಾಟರಿ ತುಂಬುತ್ತವೆ. ತೋಳು ನೋಯುವುದು ಮಾತ್ರ ಬದಲಾಗಿಲ್ಲ.

ಕೊನೆಗೆ ಮೀಡಿಯಂ ವೇವ್ ಇರುವುದನ್ನೇ ಹುಡುಕಿ ತಂದು, ರಾತ್ರಿ ಬೆವರಿಳಿಸಿ ತಿರುಗಿಸಿದೆ. ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಅದು ನುಡಿಯಿತು: "ಮಲೆನಾಡಿನಲ್ಲಿ ಭಾರೀ ಮಳೆ."

ಹೆಂಡತಿ ಸೋರುವ ಮಾಡಿನ ಕೆಳಗೆ ಪಾತ್ರೆ ಇಡುತ್ತ ಹೇಳಿದಳು: "ಮಿಕ್ಸಿ ಸತ್ತಿದೆ. ಇಷ್ಟೇ ಹೊತ್ತು ಒರಳು ತಿರುಗಿಸಿದ್ದರೆ ಚಟ್ನಿಯಾದರೂ ಆಗ್ತಿತ್ತು."